ಲಾ ಫ್ರಾನ್ಸ್ (1884): ಹೊರಟ ಮೈದಾನಕ್ಕೇ ಹಿಂತಿರುಗಿದ ಸೇನಾ ವಾಯುನೌಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಾ ಫ್ರಾನ್ಸ್ ಎಂದರೇನು?

ಫ್ರೆಂಚ್ ಸೇನೆಯ ಇಬ್ಬರು ಅಧಿಕಾರಿಗಳಾದ ಷಾರ್ಲ್ ರೆನಾರ್ ಮತ್ತು ಆರ್ತೂರ್ ಕ್ರೆಬ್ಸ್ ಸೇರಿ ಕಟ್ಟಿದ, ಜಲಜನಕ ತುಂಬಿದ ಚೀಲವನ್ನೂ ವಿದ್ಯುತ್ ಮೋಟಾರನ್ನೂ ಹೊಂದಿದ್ದ ವಾಯುನೌಕೆ ಇದು. ಪ್ಯಾರಿಸ್ಸಿನ ನೈಋತ್ಯ ಅಂಚಿನಲ್ಲಿರುವ ಷಾಲೇ-ಮ್ಯೂಡಾನ್‌ನ ಸೇನಾ ಬಲೂನು ಕೇಂದ್ರದಲ್ಲಿ ಇದು ತಯಾರಾಯಿತು. 1884ರ ಆಗಸ್ಟ್ 9ರಂದು ಅಲ್ಲಿಂದಲೇ ಮೇಲೆದ್ದು, 23 ನಿಮಿಷ ಹಾರಾಡಿ, ಹೊರಟಿದ್ದ ಹುಲ್ಲುಗಾವಲಿಗೇ ಬಂದಿಳಿಯಿತು. ಮನುಷ್ಯರನ್ನು ಹೊತ್ತ ಹಾರುವ ಯಂತ್ರವೊಂದು ತನ್ನ ಸ್ವಂತ ಶಕ್ತಿಯಿಂದ ಸುತ್ತಿ ಹೊರಟ ಸ್ಥಳಕ್ಕೆ ಮರಳಿದ್ದು ಅದೇ ಮೊದಲು.

ಹಾಗಾದರೆ ಇದೇ ಜಗತ್ತಿನ ಮೊದಲ ವಾಯುನೌಕೆಯೇ?

ಅಲ್ಲ. ಆನ್ರಿ ಜಿಫಾರ್ 1852ರ ಸೆಪ್ಟೆಂಬರ್ 24ರಂದೇ ಮೂರು ಅಶ್ವಶಕ್ತಿಯ ಉಗಿಯಂತ್ರವನ್ನು ಬಲೂನಿಗೆ ತೂಗುಹಾಕಿಕೊಂಡು ಪ್ಯಾರಿಸ್ಸಿನಿಂದ ತ್ರಾಪ್ ಊರಿನ ಕಡೆಗೆ ಸುಮಾರು 27 ಕಿಲೋಮೀಟರ್ ಹೋಗಿದ್ದ. ಆದರೆ ಗಾಳಿಗೆ ಎದುರಾಗಿ ಹಿಂದಿರುಗುವುದು ಅವನ ಯಂತ್ರದಿಂದ ಆಗಲಿಲ್ಲ. 1872ರಲ್ಲಿ ಹಡಗು ನಿರ್ಮಾಣದ ಎಂಜಿನಿಯರ್ ದ್ಯುಪ್ವಿ ದ ಲೋಮ್ ಎಂಟು ಜನರ ತೋಳ್ಬಲದಿಂದ ಪ್ರೊಪೆಲ್ಲರ್ ತಿರುಗಿಸುವ ವಾಯುನೌಕೆಯನ್ನು ಹಾರಿಸಿದ. 1883ರ ಅಕ್ಟೋಬರ್ 8ರಂದು, ಅಂದರೆ ಲಾ ಫ್ರಾನ್ಸ್ ಹಾರುವುದಕ್ಕೆ ಹತ್ತು ತಿಂಗಳು ಮೊದಲು, ಗಾಸ್ತಾನ್ ಮತ್ತು ಆಲ್ಬೇರ್ ತಿಸಾಂದಿಯೇ ಸೋದರರು ಸೀಮೆನ್ಸ್ ಕಂಪನಿಯ ಪುಟ್ಟ ವಿದ್ಯುತ್ ಮೋಟಾರಿನಿಂದ ಹಾರಿದ್ದರು. ಆದ್ದರಿಂದ ವಿದ್ಯುತ್ತಿನಿಂದ ಹಾರಿದ ಮೊದಲ ವಾಯುನೌಕೆ ಎಂಬ ಹೆಸರು ಕೂಡ ಲಾ ಫ್ರಾನ್ಸಿಗೆ ಸಲ್ಲುವುದಿಲ್ಲ. ಕೆಲವು ಲೇಖನಗಳು ಎಲ್ಲ ಮೊದಲುಗಳನ್ನೂ ಇದರ ಮೇಲೆಯೇ ಹೇರುತ್ತವೆ. ಅದರ ಅಗತ್ಯವಿಲ್ಲ, ಏಕೆಂದರೆ ಹಿಂದಿರುಗಿ ಬಂದದ್ದು ಒಂದೇ ಸಾಕಷ್ಟು ದೊಡ್ಡ ಸಾಧನೆ.

ಹಿಂದಿರುಗುವುದಕ್ಕೆ ಸೇನೆ ಅಷ್ಟೊಂದು ಮಹತ್ವ ಕೊಟ್ಟದ್ದೇಕೆ?

ಉತ್ತರ 1870-71ರ ಪ್ಯಾರಿಸ್ ಮುತ್ತಿಗೆಯಲ್ಲಿದೆ. ಪ್ರಷ್ಯಾ ನೇತೃತ್ವದ ಜರ್ಮನ್ ಸೇನೆ 1870ರ ಸೆಪ್ಟೆಂಬರಿನಲ್ಲಿ ನಗರವನ್ನು ಸುತ್ತುಗಟ್ಟಿದ ಮೇಲೆ ಹೊರಜಗತ್ತಿಗೆ ಉಳಿದಿದ್ದ ದಾರಿ ಆಕಾಶದ್ದು ಮಾತ್ರ. ಮುತ್ತಿಗೆಯ ನಾಲ್ಕು ತಿಂಗಳಲ್ಲಿ ಅರವತ್ತಕ್ಕೂ ಹೆಚ್ಚು ಬಲೂನುಗಳು ಟಪಾಲು, ಜನ ಮತ್ತು ಪಾರಿವಾಳಗಳನ್ನು ಹೊತ್ತು ನಗರದಿಂದ ಹೊರಟವು. ಸಚಿವ ಲಿಯೋನ್ ಗಂಬೆಟ್ಟಾ ಅಕ್ಟೋಬರ್ 7ರಂದು ಮೊಂಮಾರ್ತ್ರ್ ಗುಡ್ಡದಿಂದ ಬಲೂನೇರಿ ಹೊರಬಿದ್ದು, ರಾಜಧಾನಿಯ ಹೊರಗೆ ಹೊಸ ಸೇನೆಯನ್ನು ಕಟ್ಟಲು ಹೋದದ್ದು ಇದೇ ರೀತಿಯಲ್ಲಿ. ನವೆಂಬರಿನಲ್ಲಿ ಹೊರಟ ಇನ್ನೊಂದು ಬಲೂನು ಗಾಳಿಯ ಪಾಲಾಗಿ ಸಮುದ್ರವನ್ನೇ ದಾಟಿ ನಾರ್ವೆಯ ಹಿಮದಲ್ಲಿ ಹೋಗಿ ಇಳಿಯಿತು.

ಇಷ್ಟು ಬಲೂನುಗಳು ಹೊರಟರೂ ಒಂದೇ ಒಂದು ಬಲೂನು ನಗರದೊಳಕ್ಕೆ ಮರಳಲಿಲ್ಲ. ಗಾಳಿ ಎತ್ತ ಬೀಸುತ್ತದೋ ಅತ್ತ ಹೋಗುವ ಗೋಳಕ್ಕೆ ಊರೊಂದನ್ನು ಬಿಡುವುದು ಸುಲಭ, ಆದರೆ ಗೊತ್ತಾದ ಊರನ್ನು ಸೇರುವುದು ಅದರ ಕೈಯಲ್ಲಿಲ್ಲ. ಹೊರಗಿನ ಸುದ್ದಿ ಒಳಕ್ಕೆ ಬರುತ್ತಿದ್ದುದು ಪಾರಿವಾಳಗಳ ಬಾಲದ ಗರಿಗೆ ಕಟ್ಟಿದ, ಛಾಯಾಚಿತ್ರ ವಿಧಾನದಿಂದ ಅತಿ ಸಣ್ಣದಾಗಿಸಿದ ಕಾಗದಗಳ ಮೂಲಕ. ಬಲೂನನ್ನು ಬೇಕಾದ ಊರಿಗೆ ಮರಳಿಸುವುದು ಹೇಗೆ ಎಂಬುದೇ ಯುದ್ಧ ಸೋತ ಮೇಲೆ ಫ್ರೆಂಚ್ ಎಂಜಿನಿಯರ್ ಅಧಿಕಾರಿಗಳ ಮುಂದೆ ಉಳಿದ ಪ್ರಶ್ನೆಯಾಗಿತ್ತು. ದ್ಯುಪ್ವಿ ದ ಲೋಮ್‌ನ ವಾಯುನೌಕೆಗೆ ಆದೇಶ ಸಿಕ್ಕಿದ್ದು ಮುತ್ತಿಗೆಯ ನಡುವೆಯೇ, ಆದರೆ ಅದು ಸಿದ್ಧವಾಗುವಷ್ಟರಲ್ಲಿ ಯುದ್ಧ ಮುಗಿದಿತ್ತು.

ಷಾಲೇ-ಮ್ಯೂಡಾನ್ ಕೇಂದ್ರ ಹೇಗೆ ಹುಟ್ಟಿತು? ಹಣ ಎಲ್ಲಿಂದ ಬಂತು?

ಮ್ಯೂಡಾನ್‌ಗೆ ಬಲೂನಿನ ನಂಟು ಫ್ರೆಂಚ್ ಕ್ರಾಂತಿಯ ಕಾಲದ್ದು. 1794ರ ಜೂನ್ 26ರ ಫ್ಲರ್ಯೂಸ್ ಯುದ್ಧದಲ್ಲಿ ಹಗ್ಗ ಕಟ್ಟಿದ ಬಲೂನಿನಿಂದ ಶತ್ರುಸೇನೆಯ ಚಲನವಲನ ನೋಡಿದ ತುಕಡಿಗೆ ಬಲೂನುಗಳು ಅಲ್ಲಿಯೇ ತಯಾರಾಗುತ್ತಿದ್ದವು. ಕೆಲವೇ ವರ್ಷಗಳಲ್ಲಿ ಆ ತುಕಡಿಯನ್ನು ವಿಸರ್ಜಿಸಲಾಯಿತು. 1877ರಲ್ಲಿ ಸೇನೆ ಅದೇ ಜಾಗದಲ್ಲಿ ಹೊಸ ಕೇಂದ್ರ ತೆರೆದು ಅದರ ಹೊಣೆಯನ್ನು ರೆನಾರ್‌ಗೆ ವಹಿಸಿತು. ಸಂಸತ್ತಿನಲ್ಲಿ ಹಣ ಮಂಜೂರಾಗುವುದಕ್ಕೆ ನೆರವಾದವರಲ್ಲಿ ಪ್ರಮುಖನಾದವನು ಗಂಬೆಟ್ಟಾ. ಬಲೂನಿನಲ್ಲಿ ಹೊರಹೋಗಿ ಅದೇ ದಾರಿಯಲ್ಲಿ ಒಳಬರಲಾಗದ ಸಂಕಟವನ್ನು ಸ್ವತಃ ಅನುಭವಿಸಿದ್ದವನಿಗೆ ಈ ಯೋಜನೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ 1882ರ ಕೊನೆಯ ದಿನ ತೀರಿಕೊಂಡ ಅವನು ಈ ಹಾರಾಟವನ್ನು ನೋಡಲಿಲ್ಲ.

ವಾಯುನೌಕೆಯ ಆಕಾರ ಮತ್ತು ಅಳತೆ ಹೇಗಿತ್ತು?

ಉದ್ದ ಸುಮಾರು 50.4 ಮೀಟರ್, ಅತಿ ದಪ್ಪವಿದ್ದ ಕಡೆ ವ್ಯಾಸ 8.4 ಮೀಟರ್, ಒಳಗೆ ಹಿಡಿಯುತ್ತಿದ್ದ ಅನಿಲ 1,864 ಘನ ಮೀಟರ್. ಜಿಫಾರ್‌ನ ಬಲೂನಿಗೆ ಎರಡೂ ತುದಿಗಳು ಒಂದೇ ತೆರನಾಗಿ ಚೂಪಾಗಿದ್ದವು. ಲಾ ಫ್ರಾನ್ಸ್ ಹಾಗಿರಲಿಲ್ಲ. ಅದರ ಮುಂಭಾಗ ದಪ್ಪ, ಹಿಂಭಾಗ ಉದ್ದಕ್ಕೆ ಸಪೂರವಾಗುತ್ತ ಹೋಗಿತ್ತು. ಗಾಳಿಯನ್ನು ಸೀಳಲು ಚೂಪಾದ ಮೂತಿಗಿಂತ ಹೀಗೆ ನಿಧಾನವಾಗಿ ಕಿರಿದಾಗುವ ಬಾಲ ಹೆಚ್ಚು ಉಪಯುಕ್ತ ಎಂಬುದು ಮುಂದಿನ ಪೀಳಿಗೆಗಳ ವಾಯುನೌಕೆಗಳಲ್ಲಿ ದೃಢಪಟ್ಟಿತು.

ಚೀಲದ ಕೆಳಗೆ ಸುಮಾರು 33 ಮೀಟರ್ ಉದ್ದದ, ಬಿದಿರಿನಿಂದ ಕಟ್ಟಿ ರೇಷ್ಮೆ ಬಟ್ಟೆ ಹೊದಿಸಿದ ತೊಟ್ಟಿಲು ತೂಗಾಡುತ್ತಿತ್ತು. ಅಷ್ಟು ಉದ್ದದ ತೊಟ್ಟಿಲು ಇಬ್ಬರು ಕೂರುವುದಕ್ಕಾಗಿ ಅಲ್ಲ, ಭಾರವನ್ನು ಚೀಲದ ಉದ್ದಕ್ಕೂ ಸಮನಾಗಿ ಹಂಚುವುದಕ್ಕಾಗಿ ಮಾಡಿದ್ದು. ಸುಮಾರು ಏಳು ಮೀಟರ್ ವ್ಯಾಸದ ಪ್ರೊಪೆಲ್ಲರ್ ತೊಟ್ಟಿಲಿನ ಮುಂತುದಿಯಲ್ಲಿದ್ದು ನೌಕೆಯನ್ನು ಎಳೆಯುತ್ತಿತ್ತು. ಚುಕ್ಕಾಣಿ ಹಿಂತುದಿಯಲ್ಲಿತ್ತು.

ಚೀಲದೊಳಗೆ ಇನ್ನೊಂದು ಚೀಲವಿತ್ತು ಎನ್ನುತ್ತಾರೆ. ಅದು ಯಾತಕ್ಕೆ?

ಎತ್ತರಕ್ಕೆ ಹೋದಂತೆ ಜಲಜನಕ ಹಿಗ್ಗಿ ಒಂದಿಷ್ಟು ಹೊರಹೋಗುತ್ತದೆ. ಕೆಳಗಿಳಿದಾಗ ಉಳಿದ ಅನಿಲ ಕುಗ್ಗಿ ಚೀಲ ಜೋತುಬೀಳುತ್ತದೆ. ಜೋತುಬಿದ್ದ ಚೀಲ ಎದುರುಗಾಳಿಗೆ ಮಡಚಿಕೊಂಡರೆ ಆಕಾರವೂ ಕೆಡುತ್ತದೆ, ಚುಕ್ಕಾಣಿಯೂ ಕೆಲಸ ಮಾಡುವುದಿಲ್ಲ. ಅದಕ್ಕಾಗಿ ಒಳಗೆ ಸಾಧಾರಣ ಗಾಳಿಯ ಒಂದು ಸಣ್ಣ ಚೀಲವನ್ನಿಟ್ಟು, ಫ್ಯಾನಿನಿಂದ ಅದನ್ನು ಉಬ್ಬಿಸುತ್ತ ಹೊರಚೀಲವನ್ನು ಸದಾ ಬಿಗಿಯಾಗಿಡಲಾಗುತ್ತಿತ್ತು. ಇದು ರೆನಾರ್‌ನ ಆವಿಷ್ಕಾರವಲ್ಲ. ಮಾನವರನ್ನು ಹೊತ್ತ ಬಲೂನುಗಳು ಮೊದಲು ಹಾರಿದ 1783ರ ಆಸುಪಾಸಿನಲ್ಲೇ ಮ್ಯೂನಿಯೇ ಎಂಬ ಫ್ರೆಂಚ್ ಸೇನಾ ಎಂಜಿನಿಯರ್ ಇದನ್ನು ಯೋಚಿಸಿದ್ದ. ಇಂದಿನ ಜಾಹೀರಾತು ವಾಯುನೌಕೆಗಳಲ್ಲೂ ಇದೇ ಉಪಾಯವಿದೆ.

ಉಗಿಯಂತ್ರ ಅಥವಾ ಪೆಟ್ರೋಲ್ ಎಂಜಿನ್ ಬಿಟ್ಟು ವಿದ್ಯುತ್ ಮೋಟಾರನ್ನೇ ಆರಿಸಿದ್ದೇಕೆ?

ಜಲಜನಕ ತುಂಬಿದ ಚೀಲದ ಕೆಳಗೆ ಬೆಂಕಿಯ ಒಲೆ ಉರಿಸುವುದು ಯಾರಿಗೂ ಇಷ್ಟವಾಗುವ ಕೆಲಸವಲ್ಲ ಎಂಬುದು ಮೊದಲ ಕಾರಣ. ಎರಡನೆಯದು ಅಷ್ಟಾಗಿ ಹೇಳದ ಕಾರಣ, ಆದರೆ ನನ್ನ ದೃಷ್ಟಿಯಲ್ಲಿ ಮೊದಲನೆಯದರಷ್ಟೇ ಗಟ್ಟಿಯಾದದ್ದು: ಉಗಿಯಂತ್ರ ಕಲ್ಲಿದ್ದಲನ್ನೂ ನೀರನ್ನೂ ಕಳೆದುಕೊಳ್ಳುತ್ತ ಹಗುರಾಗುತ್ತದೆ, ಹಗುರಾದಷ್ಟೂ ನೌಕೆ ಮೇಲೇರುತ್ತದೆ, ಅದನ್ನು ತಡೆಯಲು ಅನಿಲವನ್ನು ಬಿಡಬೇಕಾಗುತ್ತದೆ. ಬ್ಯಾಟರಿಯ ತೂಕವಾದರೋ ಹಾರಾಟದ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪೆಟ್ರೋಲ್ ಎಂಜಿನ್ನಿನ ಮಾತು ಆಗ ಬರುವಂತಿರಲಿಲ್ಲ, ಏಕೆಂದರೆ ಜರ್ಮನಿಯಲ್ಲಿ ಡೈಮ್ಲರ್ ಮತ್ತು ಬೆಂಜ್ ತಮ್ಮ ಎಂಜಿನುಗಳನ್ನು ವಾಹನಗಳಿಗೆ ಅಳವಡಿಸಿದ್ದು 1885-86ರಲ್ಲಿ.

ಮೋಟಾರನ್ನು ರೂಪಿಸಿದವನು ಕ್ರೆಬ್ಸ್. ಅದರ ಶಕ್ತಿ ಸುಮಾರು 8.5 ಅಶ್ವಶಕ್ತಿ, ಎಂದರೆ ನಮ್ಮ ರಸ್ತೆಗಳಲ್ಲಿ ಓಡಾಡುವ ಒಂದು ಸಾಧಾರಣ ಸ್ಕೂಟರಿನಷ್ಟು. ಬ್ಯಾಟರಿ ರೆನಾರ್‌ನದು. ಕ್ರೋಮಿಕ್ ಆಮ್ಲ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಮಿಶ್ರಣದಲ್ಲಿ ಸತುವನ್ನು ಕರಗಿಸಿ ವಿದ್ಯುತ್ ಪಡೆಯುವ ಈ ಕೋಶಗಳು ಅಂದಿನ ಮಟ್ಟಿಗೆ ಬಹಳ ಹಗುರವಾದವು. ಆದರೆ ಅವನ್ನು ಮತ್ತೆ ಚಾರ್ಜ್ ಮಾಡುವಂತಿರಲಿಲ್ಲ. ಸತು ಮತ್ತು ಆಮ್ಲ ತೀರಿದ ಮೇಲೆ ಹೊಸದನ್ನು ತುಂಬಿಸಿಯೇ ಮುಂದಿನ ಹಾರಾಟ.

ಒಟ್ಟು ತೂಕದಲ್ಲಿ ಬ್ಯಾಟರಿಯ ಪಾಲೆಷ್ಟು?

ಈ ಪ್ರಶ್ನೆಗೆ ಖಚಿತ ಉತ್ತರ ಕೊಡಬಹುದಾದದ್ದು ರೆನಾರ್ ಮತ್ತು ಕ್ರೆಬ್ಸ್ ಫ್ರೆಂಚ್ ವಿಜ್ಞಾನ ಅಕಾಡೆಮಿಗೆ ಲೆಕ್ಕವನ್ನು ಒಂದೊಂದಾಗಿ ಬರೆದು ಕೊಟ್ಟದ್ದರಿಂದ. ಹಾರುವಾಗಿನ ಒಟ್ಟು ತೂಕ 2,000 ಕಿಲೋ. ಅದರಲ್ಲಿ ಚೀಲ ಮತ್ತು ಒಳಚೀಲ 369 ಕಿಲೋ, ಅವುಗಳ ಹೊದಿಕೆ ಮತ್ತು ಬಲೆ 127, ತೊಟ್ಟಿಲು 452, ಮೋಟಾರು 98, ಬ್ಯಾಟರಿ ಮತ್ತು ಉಪಕರಣಗಳು 435.5 ಕಿಲೋ. ಮೇಲೇರಬೇಕಾದಾಗ ಕೆಳಗೆ ಚೆಲ್ಲಲು ಒಯ್ಯುವ ಮರಳಿನ ಭಾರ 214 ಕಿಲೋ, ಹಾರಾಟಗಾರರಿಬ್ಬರು ಸೇರಿ 140 ಕಿಲೋ. ಮಿಕ್ಕದ್ದು ಪ್ರೊಪೆಲ್ಲರ್, ಚುಕ್ಕಾಣಿ, ಹಲ್ಲುಗಾಲಿ ಮುಂತಾದವುಗಳದು. ಒಂದು ಘನ ಮೀಟರ್ ಜಲಜನಕ ಸುಮಾರು 1.1 ಕಿಲೋ ಎತ್ತುತ್ತದೆ ಎಂದು ಹಿಡಿದು 1,864ರಿಂದ ಗುಣಿಸಿದರೆ ಈ ಎರಡು ಸಾವಿರಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ.

ಈ ಪಟ್ಟಿಯನ್ನು ನಿಧಾನವಾಗಿ ಓದಿದರೆ ಲಾ ಫ್ರಾನ್ಸಿನ ಭವಿಷ್ಯವೆಲ್ಲ ಅದರಲ್ಲಿಯೇ ಕಾಣುತ್ತದೆ. ಮೋಟಾರಿನ ನಾಲ್ಕು ಪಟ್ಟಿಗೂ ಹೆಚ್ಚು ತೂಕ ಅದಕ್ಕೆ ವಿದ್ಯುತ್ ಒದಗಿಸುವ ಬ್ಯಾಟರಿಗೇ ಹೋಗಿದೆ. ಮೂರನೆಯ ಸೈನಿಕನೊಬ್ಬನನ್ನು ಕೂರಿಸಬೇಕೆಂದರೆ ಮರಳನ್ನು ಬಿಟ್ಟುಕೊಡಬೇಕು, ಮರಳನ್ನು ಬಿಟ್ಟುಕೊಟ್ಟರೆ ಎತ್ತರದ ಮೇಲಿನ ಹಿಡಿತ ಹೋಗುತ್ತದೆ. ಬಾಂಬು, ತೋಪುಗಳ ಮಾತಂತೂ ದೂರವೇ ಉಳಿಯಿತು.

1884ರ ಆಗಸ್ಟ್ 9ರಂದು ನಿಜಕ್ಕೂ ನಡೆದದ್ದೇನು?

ಗಾಳಿ ಅಡಗಿದ ದಿನಕ್ಕಾಗಿ ಕಾದಿದ್ದ ಇಬ್ಬರೂ ಅಂದು ಸಂಜೆ ನಾಲ್ಕು ಗಂಟೆಗೆ ಮೇಲೆದ್ದರು. ಸುತ್ತಲಿನ ಮರಗಳ ತುದಿಯನ್ನು ದಾಟಿದ ಮೇಲೆ ಮೋಟಾರು ಚಾಲೂ ಮಾಡಿದಾಗ ನೌಕೆ ವೇಗ ಹಿಡಿಯಿತು, ಚುಕ್ಕಾಣಿಯ ಸಣ್ಣ ಚಲನೆಗೂ ಓಗೊಟ್ಟಿತು. ಮೊದಲು ದಕ್ಷಿಣಕ್ಕೆ ಸಾಗಿ, ವಿಲಾಕುಬ್ಲೇ ಬಯಲಿನ ಮೇಲೆ ಷಾಲೇಯಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರದಲ್ಲಿದ್ದಾಗ, ನೌಕೆ ಹೇಳಿದಂತೆ ಕೇಳುತ್ತಿದೆ ಎಂದು ಖಾತ್ರಿಯಾದ್ದರಿಂದ ಅವರು ಅಲ್ಲಿಂದಲೇ ತಿರುಗಲು ನಿರ್ಧರಿಸಿದರು. ಚುಕ್ಕಾಣಿಯನ್ನು ತುಸುವೇ ಓರೆ ಮಾಡಿದಾಗ ನೌಕೆ ಸುಮಾರು 300 ಮೀಟರ್ ವ್ಯಾಸದ ವೃತ್ತದಲ್ಲಿ ಹೊರಳಿತು.

ಮ್ಯೂಡಾನ್ ಮೇಲೆ ಬಂದಾಗ ಇಳಿಯುವ ಜಾಗ ಎತ್ತರದಿಂದ ಬಹಳ ಕಿರಿದಾಗಿ ಕಂಡಿತು. ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತ, ಮೋಟಾರನ್ನು ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ತಿರುಗಿಸುತ್ತ, ನೌಕೆಯನ್ನು ಮೈದಾನದ ನೆತ್ತಿಗೆ ತಂದು ನಿಲ್ಲಿಸಲು ಹಲವು ಸಲ ಪ್ರಯತ್ನಿಸಬೇಕಾಯಿತು. ನೆಲ ಸುಮಾರು 80 ಮೀಟರ್ ಕೆಳಗಿರುವಾಗ ಬಿಟ್ಟ ಹಗ್ಗವನ್ನು ಸೈನಿಕರು ಹಿಡಿದು, ಹೊರಟಿದ್ದ ಹುಲ್ಲುಗಾವಲಿಗೇ ಎಳೆದು ಇಳಿಸಿದರು.

ಹಾರಿದ ದೂರ 8 ಕಿಲೋಮೀಟರೋ 7.6 ಕಿಲೋಮೀಟರೋ?

ನೆಲದ ಮೇಲೆ ಅಳೆದಾಗ ಬಂದ ದೂರ 7.6 ಕಿಲೋಮೀಟರ್. ಅದನ್ನೇ ದುಂಡಗಾಗಿಸಿ 8 ಎಂದು ಬರೆಯುತ್ತಾರೆ. 23 ನಿಮಿಷಕ್ಕೆ ಭಾಗಿಸಿದರೆ ಸೆಕೆಂಡಿಗೆ 5.5 ಮೀಟರ್, ಗಂಟೆಗೆ ಸುಮಾರು 20 ಕಿಲೋಮೀಟರ್ ಸರಾಸರಿ ವೇಗ ಸಿಗುತ್ತದೆ.

ಆ ಬಳಿಕದ ಹಾರಾಟಗಳೆಲ್ಲವೂ ಸಫಲವಾದವೇ?

ಇಲ್ಲ. 1884 ಮತ್ತು 1885ರಲ್ಲಿ ಒಟ್ಟು ಏಳು ಹಾರಾಟಗಳು ನಡೆದು ಐದರಲ್ಲಿ ಮಾತ್ರ ನೌಕೆ ಷಾಲೇಗೆ ಹಿಂದಿರುಗಿತು. 1884ರ ಸೆಪ್ಟೆಂಬರ್ 12ರ ಎರಡನೆಯ ಹಾರಾಟದಲ್ಲಿ ಯಂತ್ರ ಕೆಟ್ಟು ಹತ್ತಿರದ ವೆಲಿಜಿಯಲ್ಲಿ ಇಳಿಯಬೇಕಾಯಿತು. ನವೆಂಬರ್ 8ರಂದು ಒಂದೇ ದಿನ ಎರಡು ಸಲ ಹೋಗಿ ಎರಡು ಸಲವೂ ಮರಳಿದರು. ಮುಂದಿನ ವರ್ಷ ಕ್ರೆಬ್ಸ್ ಪ್ಯಾರಿಸ್ಸಿನ ಅಗ್ನಿಶಾಮಕ ದಳಕ್ಕೆ ಹೋಗಿದ್ದರಿಂದ ಷಾರ್ಲ್‌ನ ತಮ್ಮ ಪಾಲ್ ರೆನಾರ್ ಹಾರಾಟಗಳಲ್ಲಿ ಜೊತೆಯಾದ. 1885ರ ಆಗಸ್ಟ್ 25ರಂದು ಗಾಳಿ ನೌಕೆಯ ವೇಗವನ್ನು ಮೀರಿದ್ದರಿಂದ ವಿಲಾಕುಬ್ಲೇ ಬಳಿ ಇಳಿದರು. ಸೆಪ್ಟೆಂಬರ್ 22 ಮತ್ತು 23ರಂದು ಪ್ಯಾರಿಸ್ ನಗರದ ಅಂಚಿನವರೆಗೆ ಹೋಗಿ ಬಂದರು. ಎರಡನೆಯದು ಯುದ್ಧ ಸಚಿವ ಜನರಲ್ ಕಾಂಪನೋನ್ ಎದುರಿಗೆ ನಡೆದ ಪ್ರದರ್ಶನ.

ಇಷ್ಟಾದ ಮೇಲೂ ಸೇನೆ ಇದನ್ನು ಬಳಸದೆ ಬಿಟ್ಟದ್ದೇಕೆ?

ಲಾ ಫ್ರಾನ್ಸ್ ಯಾವ ಯುದ್ಧಕ್ಕೂ ಹೋಗಲಿಲ್ಲ. ಗಮನಿಸಬೇಕಾದ ಸಂಗತಿ ಎಂದರೆ, ಅದೇ 1884ರಲ್ಲಿ ಫ್ರೆಂಚ್ ಸೇನೆ ಇಂದಿನ ವಿಯೆಟ್ನಾಮಿನ ಉತ್ತರ ಭಾಗವಾದ ತೋಂಕಿನ್‌ನ ಯುದ್ಧದಲ್ಲಿ ಹಗ್ಗ ಕಟ್ಟಿದ ಸಾಮಾನ್ಯ ಬಲೂನನ್ನು ಬಳಸಿತು. ಎತ್ತರದಿಂದ ನೋಡಿ ಕೆಳಗಿರುವ ಅಧಿಕಾರಿಗೆ ವರದಿ ಮಾಡುವ ಕೆಲಸಕ್ಕೆ ಅದೇ ಸಾಕಾಗಿತ್ತು. ಸಾಗಿಸಲೂ ಅದು ಸುಲಭ.

ವಾಯುನೌಕೆಯ ತೊಡಕು ಗಾಳಿಯ ವೇಗದಲ್ಲಿತ್ತು. 1885ರ ಒಳ್ಳೆಯ ಹಾರಾಟಗಳಲ್ಲಿ ಅದು ಸೆಕೆಂಡಿಗೆ ಸುಮಾರು 6.5 ಮೀಟರ್ ಮುಟ್ಟಿತ್ತು. ಉತ್ತರ ಫ್ರಾನ್ಸಿನಲ್ಲಿ ನೆಲದಿಂದ ಮುನ್ನೂರು ಮೀಟರ್ ಎತ್ತರದ ಗಾಳಿ ಅದಕ್ಕಿಂತ ಜೋರಾಗಿ ಬೀಸುವ ದಿನಗಳು ಬಹಳ. ಯುದ್ಧ ಮಾಡುವವರು ಗಾಳಿ ನಿಂತ ದಿನಕ್ಕಾಗಿ ಕಾಯುತ್ತ ಕೂರುವಂತಿಲ್ಲ. ವೇಗ ಹೆಚ್ಚಿಸೋಣವೆಂದರೆ, ಅದೇ ಗಾತ್ರದ ನೌಕೆಯ ವೇಗವನ್ನು ಎರಡರಷ್ಟು ಮಾಡಲು ಎಂಟರಷ್ಟು ಶಕ್ತಿ ಬೇಕು. ಬ್ಯಾಟರಿಯನ್ನು ಎಂಟರಷ್ಟು ಮಾಡಿದರೆ ಅದೊಂದೇ ಸುಮಾರು ಮೂರೂವರೆ ಸಾವಿರ ಕಿಲೋ ಆಗುತ್ತದೆ, ನೌಕೆ ಎತ್ತಬಲ್ಲದ್ದು ಎರಡು ಸಾವಿರ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದವನು ರೆನಾರ್. 1890ರ ದಶಕದಲ್ಲಿ ಅವನು ಬೇರೆ ಬಗೆಯ ಎಂಜಿನ್ ಇರುವ, ಮ್ಯೂನಿಯೇಯ ಹೆಸರು ಹೊತ್ತ ದೊಡ್ಡ ವಾಯುನೌಕೆಯೊಂದರ ಹಿಂದೆ ಬಿದ್ದ. ಅದು ಪೂರ್ಣವಾಗಲಿಲ್ಲ.

ಲಾ ಫ್ರಾನ್ಸ್ ವಿಫಲ ಯಂತ್ರ ಎಂದು ಕೆಲವರು ತೀರ್ಪು ಕೊಡುವುದು ಈ ಕಾರಣಕ್ಕೆ. ಆದರೆ ಆಕಾರ, ಒಳಚೀಲ, ಚುಕ್ಕಾಣಿ, ಭಾರದ ಹಂಚಿಕೆ ಇವೆಲ್ಲವೂ 1884ರಲ್ಲೇ ಸರಿಯಾಗಿದ್ದವು, ಕೊರತೆಯಿದ್ದದ್ದು ಹಗುರವಾದ ಎಂಜಿನ್ ಒಂದರದ್ದು, ಮತ್ತು ಆ ಕೊರತೆ ಷಾಲೇ-ಮ್ಯೂಡಾನ್ ಕೇಂದ್ರದೊಳಗೆ ಬಗೆಹರಿಯುವಂಥದ್ದಾಗಿರಲಿಲ್ಲ ಎಂಬುದನ್ನು ಗಣನೆಗೆ ತೆಗೆದುಕೊಂಡರೆ ಆ ತೀರ್ಪು ನಿಲ್ಲುವುದಿಲ್ಲ.

ಸೇನೆಯ ಕೆಲಸವಾದರೂ ಗುಟ್ಟಾಗಿಡಲಿಲ್ಲವೇ?

ಕಟ್ಟುವ ಕೆಲಸ ನಡೆದದ್ದು ಹೊರಗಿನವರಿಗೆ ಪ್ರವೇಶವಿಲ್ಲದ ಆವರಣದಲ್ಲಿ. ಆದರೆ ಐವತ್ತು ಮೀಟರ್ ಉದ್ದದ ವಸ್ತು ಪ್ಯಾರಿಸ್ಸಿನ ಪಕ್ಕದಲ್ಲಿ ಹಾರಿದ ಮೇಲೆ ಮುಚ್ಚಿಡುವುದೇನೂ ಉಳಿಯಲಿಲ್ಲ. ಎರ್ವೇ ಮಾಂಗೋನ್ ಎಂಬ ಸದಸ್ಯ ಆಗಸ್ಟ್ 18ರಂದೇ ಈ ಹಾರಾಟದ ವರದಿಯನ್ನು ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. 1889ರ ಪ್ಯಾರಿಸ್ ವಿಶ್ವ ಪ್ರದರ್ಶನದಲ್ಲಿ ಜನ ನೌಕೆಯನ್ನು ಹತ್ತಿರದಿಂದಲೇ ನೋಡಿದರು.

ಜರ್ಮನಿಯ ಜೆಪ್ಪೆಲಿನ್ ಮೇಲೆ ಇದರ ಪ್ರಭಾವ ಇತ್ತೇ?

ಇತ್ತು, ಆದರೆ ವಿನ್ಯಾಸದ ಮೇಲಲ್ಲ. ಕೌಂಟ್ ಫೆರ್ಡಿನಾಂಡ್ ಫಾನ್ ಜೆಪ್ಪೆಲಿನ್ 1887ರಲ್ಲಿ ವುರ್ಟೆಂಬರ್ಗ್‌ನ ರಾಜನಿಗೆ ವಾಯುನೌಕೆಗಳ ಸೇನಾ ಅಗತ್ಯದ ಬಗ್ಗೆ ಬರೆದಾಗ ಅವನ ಕಣ್ಣೆದುರಿಗಿದ್ದದ್ದು ಫ್ರಾನ್ಸ್ ಮುಂದೆ ಹೋಗಿಬಿಟ್ಟಿದೆ ಎಂಬ ಆತಂಕ. 1900ರ ಜುಲೈ 2ರಂದು ಹಾರಿದ ಅವನ ಮೊದಲ ನೌಕೆಗೆ ಒಳಗೆ ಅಲ್ಯೂಮಿನಿಯಮ್ ಚೌಕಟ್ಟು ಇತ್ತು, ಉದ್ದ 128 ಮೀಟರ್, ಎಂಜಿನ್ ಡೈಮ್ಲರ್ ಕಂಪನಿಯದು. ಲಾ ಫ್ರಾನ್ಸಿನಂತೆ ಅನಿಲದ ಒತ್ತಡದಿಂದ ಆಕಾರ ಪಡೆಯುವ ಚೀಲ ಅದಾಗಿರಲಿಲ್ಲ.

ಲಾ ಫ್ರಾನ್ಸಿನ ನೇರ ವಾರಸುದಾರರು ಫ್ರಾನ್ಸಿನಲ್ಲೇ ಹುಟ್ಟಿದರು. ಸಕ್ಕರೆ ಉದ್ಯಮಿಗಳಾದ ಲೆಬೋದಿ ಸೋದರರು ಕಟ್ಟಿಸಿದ ಪಾತ್ರಿ ಎಂಬ ವಾಯುನೌಕೆ 1906ರಲ್ಲಿ ಫ್ರೆಂಚ್ ಸೇನೆಯನ್ನು ಸೇರಿತು. ಗಂಟೆಗೆ ಸುಮಾರು 45 ಕಿಲೋಮೀಟರ್ ಹೋಗುತ್ತಿದ್ದ ಅದು 1907ರ ನವೆಂಬರಿನಲ್ಲಿ ಷಾಲೇ-ಮ್ಯೂಡಾನ್‌ನಿಂದ ಗಡಿಯ ಕೋಟೆಯೂರು ವೆರ್ಡನ್‌ವರೆಗೆ ಹಾರಿತು. ಅದಾದ ಒಂದು ವಾರದಲ್ಲಿ ಬಿರುಗಾಳಿ ಬೀಸಿ, ಹಗ್ಗ ಹಿಡಿದಿದ್ದ ಸೈನಿಕರ ಕೈಯಿಂದ ಕಿತ್ತುಕೊಂಡು, ಒಳಗೆ ಒಬ್ಬರೂ ಇಲ್ಲದೆ ಇಂಗ್ಲಿಷ್ ಕಾಲುವೆ ದಾಟಿ ಐರ್ಲೆಂಡಿನ ಮೇಲೆ ಹಾದು ಅಟ್ಲಾಂಟಿಕ್ ಸಾಗರದಲ್ಲಿ ಕಾಣೆಯಾಯಿತು. ಅದರಲ್ಲಿದ್ದ ಎಂಜಿನ್ ಪನಾರ್ ಮತ್ತು ಲವಾಸೋರ್ ಕಂಪನಿಯದು, ಆಗ ಆ ಕಂಪನಿಯನ್ನು ನಡೆಸುತ್ತಿದ್ದವನು ಆರ್ತೂರ್ ಕ್ರೆಬ್ಸ್. 1884ರಲ್ಲಿ ಸಿಗದಿದ್ದ ಹಗುರ ಎಂಜಿನ್ನನ್ನು ಕೊನೆಗೆ ಸೇನೆಗೆ ಒದಗಿಸಿದ್ದು ಹೀಗೆ ಅವನ ಕಾರ್ಖಾನೆಯೇ.

ರೆನಾರ್ ಮತ್ತು ಕ್ರೆಬ್ಸ್ ಮುಂದೆ ಏನಾದರು?

ಕ್ರೆಬ್ಸ್ 1888ರಲ್ಲಿ ನೀರಿಗಿಳಿದ ಜಿಮ್ನೋಟ್ ಎಂಬ ಫ್ರೆಂಚ್ ಜಲಾಂತರ್ಗಾಮಿಗೆ ವಿದ್ಯುತ್ ಮೋಟಾರು ರೂಪಿಸಿದ. 1897ರಿಂದ 1916ರವರೆಗೆ ಪನಾರ್ ಮತ್ತು ಲವಾಸೋರ್ ಕಂಪನಿಯ ಚುಕ್ಕಾಣಿ ಹಿಡಿದು, 1935ರಲ್ಲಿ ತೀರಿಕೊಂಡ. ರೆನಾರ್ ಷಾಲೇ-ಮ್ಯೂಡಾನ್ ಬಿಟ್ಟು ಹೋಗಲಿಲ್ಲ. ಜಲಜನಕ ತಯಾರಿಸುವ ಯಂತ್ರಗಳು, ಒಂದು ಎಂಜಿನ್ನಿಗೆ ಹಲವು ಬಂಡಿಗಳನ್ನು ಜೋಡಿಸಿ ರಸ್ತೆಯ ಮೇಲೆ ಓಡಿಸುವ ರೈಲು ಮುಂತಾದವುಗಳಲ್ಲಿ ತೊಡಗಿದ್ದ ಅವನು 1905ರ ಏಪ್ರಿಲಿನಲ್ಲಿ, 57ನೆಯ ವಯಸ್ಸಿನಲ್ಲಿ, ಮ್ಯೂಡಾನ್‌ನಲ್ಲೇ ನಿಧನನಾದ.

ಎಂಜಿನಿಯರಿಂಗ್ ಪಠ್ಯದಲ್ಲಿ ಬರುವ ರೆನಾರ್ಡ್ ಸರಣಿಗೂ ಇವನಿಗೂ ಸಂಬಂಧವಿದೆಯೇ?

ಇದೆ, ವಸ್ತುಗಳ ಗಾತ್ರಗಳನ್ನು ಗೊತ್ತುಪಡಿಸಲು ಬಳಸುವ ಆ ಸಂಖ್ಯಾಸರಣಿಗೆ ಇವನದೇ ಹೆಸರು. ಗೇರ್‌ಬಾಕ್ಸ್ ವಿನ್ಯಾಸದ ಲೆಕ್ಕ ಮಾಡಿದ ನಮ್ಮ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಆರ್-5, ಆರ್-10, ಆರ್-20 ಎಂಬ ಹೆಸರುಗಳನ್ನು ಬಲ್ಲರು, ಆದರೆ ಅವು ಬಲೂನಿನ ಹಗ್ಗದಿಂದ ಹುಟ್ಟಿದವು ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಸೇನೆಯ ಬಲೂನುಗಳಿಗೆ ಬಳಸುತ್ತಿದ್ದ ಹಗ್ಗಗಳು 425 ಬೇರೆ ಬೇರೆ ಗಾತ್ರಗಳಲ್ಲಿದ್ದು, ದಾಸ್ತಾನು ಇಡುವುದೇ ಕಷ್ಟವಾಗಿತ್ತು. ಒಂದು ಗಾತ್ರದಿಂದ ಮುಂದಿನದಕ್ಕೆ ಹೋಗಲು ಒಂದೇ ಅಂಶದಿಂದ ಗುಣಿಸುತ್ತ ಹೋಗಬೇಕು, ಐದು ಮೆಟ್ಟಿಲು ಹತ್ತಿದಾಗ ಮೊದಲಿನದರ ಹತ್ತರಷ್ಟಾಗಬೇಕು ಎಂಬ ನಿಯಮ ಮಾಡಿ ರೆನಾರ್ ಅವನ್ನು 17ಕ್ಕೆ ಇಳಿಸಿದ. 1, 1.6, 2.5, 4, 6.3, 10 ಎಂಬ ಸರಣಿ ಹುಟ್ಟಿದ್ದು ಹೀಗೆ. ಇಂದು ಇದು ಅಂತಾರಾಷ್ಟ್ರೀಯ ಮಾನಕ, ಭಾರತೀಯ ಮಾನಕಗಳಲ್ಲೂ ಇದಕ್ಕೆ ಸ್ಥಾನವಿದೆ.

ಈಗ ಅಲ್ಲಿಗೆ ಹೋದರೆ ನೋಡಲು ಏನಾದರೂ ಉಳಿದಿದೆಯೇ?

ವಾಯುನೌಕೆ ಇದ್ದ ಕಟ್ಟಡ ಉಳಿದಿದೆ. 1878ರ ಪ್ಯಾರಿಸ್ ವಿಶ್ವ ಪ್ರದರ್ಶನ ಮುಗಿದ ಮೇಲೆ ಬಿಚ್ಚಿದ ಲೋಹದ ಚೌಕಟ್ಟನ್ನು ತಂದು ಮರುವರ್ಷ ಕಟ್ಟಿದ ಹ್ಯಾಂಗರ್ ವೈ ಎಂಬ ಈ ಕಟ್ಟಡ ಸುಮಾರು 70 ಮೀಟರ್ ಉದ್ದ ಮತ್ತು 24 ಮೀಟರ್ ಅಗಲವಿದೆ. ಬಹುಕಾಲ ಪಾಳುಬಿದ್ದಿದ್ದ ಅದನ್ನು ಸರಿಪಡಿಸಿ 2023ರಲ್ಲಿ ಪ್ರದರ್ಶನಗಳ ತಾಣವಾಗಿ ಸಾರ್ವಜನಿಕರಿಗೆ ತೆರೆಯಲಾಗಿದೆ.